ಜಗನಿವಾಸದ ಎರಡು ಬಾಳು: ಅರಮನೆಯು ಹೋಟೆಲಾದ ಬಗೆಯನ್ನು ಕುರಿತ ಒಂದು ವಿವೇಚನೆ

೧

ದೇಶೀಯ ಸಂಸ್ಥಾನಗಳು ಭಾರತದಲ್ಲಿ ವಿಲೀನವಾದ ತರುವಾಯ ರಾಜಮನೆತನಗಳ ವಾಸಗೃಹಗಳಲ್ಲಿ ಕೆಲವು ವಸ್ತುಸಂಗ್ರಹಾಲಯಗಳಾದುವು, ಕೆಲವು ವಿದ್ಯಾಸಂಸ್ಥೆಗಳಿಗೂ ಸರ್ಕಾರದ ಕಚೇರಿಗಳಿಗೂ ಎಡೆಗೊಟ್ಟುವು, ಕೆಲವು ಹಾಳುಬಿದ್ದುವು, ಮತ್ತೆ ಕೆಲವು ಜೀರ್ಣೋದ್ಧಾರವನ್ನು ಹೊಂದಿ, ಹಣವಂತ ಪ್ರವಾಸಿಗರು ತಂಗುವ ವೈಭವೋಪೇತ ಹೋಟೆಲುಗಳಾದುವು. ಈ ಕೊನೆಯ ವರ್ಗದ ಕಟ್ಟಡಗಳನ್ನು ಕುರಿತು ಪ್ರವಾಸ ಸಾಹಿತ್ಯವು ಬೇಕಾದಷ್ಟು ಬೆಳೆದಿದೆ. ಇತಿಹಾಸದ ವಿದ್ಯಾರ್ಥಿಗಳಾದ ನಾವು ಮಾತ್ರ ಅವುಗಳನ್ನು ವ್ಯಾಪಾರದ ವಿಷಯವೆಂದು ಬದಿಗಿಟ್ಟಿದ್ದೇವೆ. ಆದರೆ ಅರಮನೆಯೊಂದು ಹೋಟೆಲಾಗುವುದು ಸ್ವತಃ ಒಂದು ಐತಿಹಾಸಿಕ ಘಟನೆ. ಅದಕ್ಕೆ ಕಾಲವುಂಟು, ಕಾರಣವುಂಟು, ಪರಿಣಾಮವುಂಟು.

ಅರಮನೆಗಳು ಹೋಟೆಲುಗಳಾದುದಕ್ಕೆ ೧೯೭೧ರಲ್ಲಿ ರಾಜಧನವು ರದ್ದಾದುದೇ ಕಾರಣವೆಂಬ ಅಭಿಪ್ರಾಯವು ಸಾಮಾನ್ಯವಾಗಿ ಪ್ರಚಲಿತವಾಗಿದೆ. ಈ ಅಭಿಪ್ರಾಯವು ಕಾಲಾನುಕ್ರಮದ ಪರೀಕ್ಷೆಗೆ ನಿಲ್ಲುವುದಿಲ್ಲವೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಮೊದಲನೆಯ ಉದ್ದೇಶ. ಜೀರ್ಣೋದ್ಧಾರವೆಂಬ ಕಾರ್ಯವು ಕಟ್ಟಡದ ಚರಿತ್ರೆಯಲ್ಲಿ ಯಾವ ಭಾಗವನ್ನು ಉಳಿಸಿಕೊಳ್ಳುತ್ತದೆ, ಯಾವುದನ್ನು ಕೈಬಿಡುತ್ತದೆ ಎಂಬುದನ್ನು ವಿಚಾರಿಸುವುದು ಎರಡನೆಯ ಉದ್ದೇಶ. ಇದಕ್ಕಾಗಿ ನಾವು ಆರಿಸಿಕೊಂಡಿರುವ ನಿದರ್ಶನವು ರಾಜಸ್ಥಾನದ ಉದಯಪುರದಲ್ಲಿ ಪಿಚೋಲಾ ಸರೋವರದ ನಡುವಣ ಜಗನಿವಾಸ. ಇಂದು ಲೋಕವು ಅದನ್ನು 'ಲೇಕ್ ಪ್ಯಾಲೆಸ್' ಎಂಬ ಹೆಸರಿನಿಂದ ಬಲ್ಲುದು.

೨

ಜಗನಿವಾಸವನ್ನು ಕಟ್ಟಿಸಿದವನು ಮೇವಾಡದ ಮಹಾರಾಣಾ ಎರಡನೆಯ ಜಗತ್ ಸಿಂಹ. ಅವನ ಆಳ್ವಿಕೆಯ ಕಾಲ ೧೭೩೪ರಿಂದ ೧೭೫೧ರವರೆಗೆ. ಕಟ್ಟಡದ ಕೆಲಸವು ೧೭೪೩ರಲ್ಲಿ ಮೊದಲಾಗಿ ೧೭೪೬ರಲ್ಲಿ ಮುಗಿಯಿತು. ಸುಮಾರು ನಾಲ್ಕು ಎಕರೆಯ ನಡುಗಡ್ಡೆಯೊಂದನ್ನು ತುಂಬಿಕೊಂಡು, ನೀರಿನಿಂದಲೇ ಮೇಲೆದ್ದಂತೆ ಕಾಣುವ ಈ ಬಿಳಿಯ ಮಂದಿರದಲ್ಲಿ ಅಂಗಳಗಳು, ಕೊಳಗಳು, ಕಾರಂಜಿಗಳು, ತೋಟಗಳು, ಬಣ್ಣದ ಗಾಜನ್ನು ಕೆತ್ತಿ ಕೂರಿಸಿದ ಗೋಡೆಗಳು ಇವೆ. ಇದು ರಾಜ್ಯಭಾರದ ಸ್ಥಾನವಾಗಿರಲಿಲ್ಲ. ದರ್ಬಾರು, ಭಂಡಾರ, ಅಂತಃಪುರ ಇವೆಲ್ಲವೂ ದಡದ ಮೇಲಣ ದೊಡ್ಡ ಅರಮನೆಯಲ್ಲಿದ್ದುವು. ಜಗನಿವಾಸವು ಬೇಸಗೆಯ ವಿಹಾರಕ್ಕಾಗಿ ಮೀಸಲಾದ ಮಂದಿರ.

ಇದರ ಹುಟ್ಟನ್ನು ಕುರಿತು ಪ್ರವಾಸಿಗರಿಗೆ ಹೇಳುವ ಕಥೆಯೊಂದಿದೆ. ಅದೇ ಸರೋವರದಲ್ಲಿ ಹಿಂದಿನ ಶತಮಾನದಲ್ಲಿಯೇ ನಿರ್ಮಿತವಾಗಿದ್ದ ಜಗಮಂದಿರವೆಂಬ ಇನ್ನೊಂದು ದ್ವೀಪಗೃಹದಲ್ಲಿ ವಿಹಾರ ಮಾಡಲು ಯುವರಾಜ ಜಗತ್ ಸಿಂಹನು ತಂದೆಯ ಅಪ್ಪಣೆಯನ್ನು ಬೇಡಿದನಂತೆ. ತಂದೆಯಾದ ಎರಡನೆಯ ಸಂಗ್ರಾಮ ಸಿಂಹನು ಅದನ್ನು ನಿರಾಕರಿಸಿ, ಬೇಕಿದ್ದರೆ ನಿನ್ನದೇ ಒಂದು ಮಂದಿರವನ್ನು ಕಟ್ಟಿಕೋ ಎಂದನಂತೆ. ಮಗನು ಹಾಗೆಯೇ ಮಾಡಿದನಂತೆ. ಕಥೆಯು ರಂಜಕವಾಗಿದೆ. ಆದರೆ ಸಂಗ್ರಾಮ ಸಿಂಹನು ತೀರಿಕೊಂಡುದು ೧೭೩೪ರಲ್ಲಿ. ಕಟ್ಟಡದ ಆರಂಭವು ೧೭೪೩ರಲ್ಲಿ. ತಂದೆಯ ಮಾತಿನಿಂದಾದ ಮುನಿಸು ಅವನ ಮರಣಾನಂತರ ಒಂಬತ್ತು ವರ್ಷ ಕಾದು ಅಮೃತಶಿಲೆಯಾಯಿತೆಂದು ನಂಬುವುದು ಕಷ್ಟ. ಕಥೆಯಲ್ಲಿ ಸತ್ಯಾಂಶವಿದ್ದರೂ ಕಟ್ಟಡದ ಕಾಲವನ್ನು ಅದು ವಿವರಿಸಲಾರದು.

ಆ ಕಾಲದ ಸನ್ನಿವೇಶವನ್ನು ನೋಡಿದರೆ ಬೇರೊಂದು ಚಿತ್ರವು ಕಾಣುತ್ತದೆ. ಮರಾಠರ ಒತ್ತಡವನ್ನು ಎದುರಿಸಲೆಂದು ರಾಜಪೂತ ಅರಸರು ೧೭೩೪ರಲ್ಲಿ ಹುರ್ಡಾ ಎಂಬಲ್ಲಿ ಸೇರಿ ಮಾಡಿಕೊಂಡ ಒಪ್ಪಂದವು ಫಲಕಾರಿಯಾಗಲಿಲ್ಲ. ೧೭೩೬ರಲ್ಲಿ ಪೇಶ್ವೆ ಮೊದಲನೆಯ ಬಾಜಿರಾಯನು ಉದಯಪುರಕ್ಕೆ ಬಂದನು. ಮೇವಾಡವು ವರ್ಷಂಪ್ರತಿ ಕಪ್ಪವನ್ನು ಕೊಡಲು ಒಪ್ಪಬೇಕಾಯಿತು. ೧೭೪೩ರಲ್ಲಿ ಜಯಪುರದ ಸವಾಯಿ ಜಯಸಿಂಹನು ತೀರಿಕೊಂಡಾಗ, ಅವನ ಮಕ್ಕಳಾದ ಈಶ್ವರಿ ಸಿಂಹ ಮತ್ತು ಮಾಧೋ ಸಿಂಹರೊಳಗೆ ಸಿಂಹಾಸನಕ್ಕಾಗಿ ಕಲಹವೆದ್ದಿತು. ಮಾಧೋ ಸಿಂಹನು ಜಗತ್ ಸಿಂಹನ ಸೋದರತ್ತೆಯ ಮಗ. ಮಹಾರಾಣನು ಅವನ ಪಕ್ಷವನ್ನು ಹಿಡಿದು, ಮರಾಠ ಸರದಾರರ ನೆರವನ್ನು ಹಣಕೊಟ್ಟು ಪಡೆದು, ವರ್ಷಗಟ್ಟಲೆ ಈ ಕಲಹದಲ್ಲಿ ತೊಡಗಿದ್ದನು. ೧೭೪೭ರ ರಾಜಮಹಲ್ ಯುದ್ಧದಲ್ಲಿ ಅವನ ಪಕ್ಷಕ್ಕೆ ಸೋಲಾಯಿತು.

ಅಂದರೆ ಜಗನಿವಾಸವು ಎದ್ದು ನಿಂತ ಮೂರು ವರ್ಷಗಳು ಮೇವಾಡಕ್ಕೆ ನೆಮ್ಮದಿಯ ವರ್ಷಗಳಾಗಿರಲಿಲ್ಲ. ಕಪ್ಪ, ಸೈನ್ಯದ ವೆಚ್ಚ, ಅಮೃತಶಿಲೆಯ ಮಂದಿರ ಇವು ಮೂರೂ ಒಂದೇ ಬೊಕ್ಕಸದಿಂದ, ಎಂದರೆ ಮೇವಾಡದ ರೈತನ ಭೂಕಂದಾಯದಿಂದ, ಬರಬೇಕಾಗಿತ್ತು. ರಾಜಕೀಯ ಬಲವು ಕುಗ್ಗುತ್ತಿದ್ದಾಗ ವೈಭವದ ಪ್ರದರ್ಶನವು ಹೆಚ್ಚುವುದನ್ನು ಬೇರೆ ಮನೆತನಗಳ ಚರಿತ್ರೆಯಲ್ಲಿಯೂ ನಾವು ಕಾಣುತ್ತೇವೆ.

೩

ಮುಂದಿನ ಒಂದೂವರೆ ಶತಮಾನದ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಮೇವಾಡವು ಬಹಳ ಬಡವಾಯಿತು. ೧೮೧೮ರಲ್ಲಿ ಮಹಾರಾಣಾ ಭೀಮ ಸಿಂಹನು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದವನ್ನು ಮಾಡಿಕೊಂಡನು. ಮೊದಲ ಐದು ವರ್ಷ ಹುಟ್ಟುವಳಿಯ ನಾಲ್ಕನೆಯ ಒಂದು ಪಾಲನ್ನೂ, ಅನಂತರ ಎಂಟರಲ್ಲಿ ಮೂರು ಪಾಲನ್ನೂ ಕಪ್ಪವಾಗಿ ಕೊಡತಕ್ಕದ್ದೆಂದು ಗೊತ್ತಾಯಿತು. ೧೮೫೭ರ ದಂಗೆಯಲ್ಲಿ ನೀಮಚ್‌ನಿಂದ ಓಡಿಬಂದ ಯೂರೋಪಿಯನ್ ಕುಟುಂಬಗಳಿಗೆ ಮಹಾರಾಣಾ ಸ್ವರೂಪ ಸಿಂಹನು ಸರೋವರದ ನಡುವೆ ಆಶ್ರಯವನ್ನಿತ್ತನು. ಈ ಘಟನೆಯನ್ನು ಜಗನಿವಾಸಕ್ಕೆ ಆರೋಪಿಸುವುದುಂಟು. ವಾಸ್ತವವಾಗಿ ಅದು ನಡೆದುದು ಜಗಮಂದಿರದಲ್ಲಿ.

ಹತ್ತೊಂಬತ್ತನೆಯ ಶತಮಾನವು ಮುಗಿಯುವ ಹೊತ್ತಿಗೆ ಜಗನಿವಾಸವು ಬಹುಮಟ್ಟಿಗೆ ಉಪೇಕ್ಷಿತವಾಗಿತ್ತು. ಆ ಸುಮಾರಿನಲ್ಲಿ ಭಾರತದಲ್ಲಿ ಸಂಚರಿಸಿದ ಫ್ರೆಂಚ್ ಲೇಖಕ ಪಿಯೆರ್ ಲೋತಿಯು, ಆ ಮಂದಿರವು ನೀರಿನ ತೇವಕ್ಕೆ ಸಿಕ್ಕಿ ದಿನೇ ದಿನೇ ಶಿಥಿಲವಾಗುತ್ತಿದ್ದುದನ್ನು ಕಂಡು ಬರೆದನು. ನಾಲ್ಕು ಕಡೆಯೂ ನೀರಿರುವ ಕಟ್ಟಡಕ್ಕೆ ಗಾರೆ, ಗಚ್ಚು, ಬಣ್ಣ, ಮರಗೆಲಸಗಳ ದುರಸ್ತಿಯು ವರ್ಷ ವರ್ಷವೂ ನಡೆಯಬೇಕು. ಆಳುಗಳೂ ಸಾಮಾನೂ ದೋಣಿಯಲ್ಲಿಯೇ ಬರಬೇಕು. ಸಂಸ್ಥಾನವು ಇನ್ನೂ ಇದ್ದಾಗಲೇ ಈ ಮಂದಿರದ ಪೋಷಣೆ ಕಷ್ಟವಾಗಿತ್ತೆಂಬುದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಸಂಸ್ಥಾನವೇ ಇಲ್ಲವಾದಾಗ ಏನಾಯಿತೆಂಬುದು ಮುಂದಿನ ಪ್ರಶ್ನೆ.

೪

೧೯೪೮ರ ಏಪ್ರಿಲ್ ತಿಂಗಳಲ್ಲಿ ಉದಯಪುರವು ರಾಜಸ್ಥಾನ ಒಕ್ಕೂಟಕ್ಕೆ ಸೇರಿತು. ೧೯೪೯ರ ಮಾರ್ಚ್ ೩೦ರಂದು ಬೃಹತ್ ರಾಜಸ್ಥಾನವು ರಚಿತವಾದಾಗ ಮಹಾರಾಣಾ ಭೂಪಾಲ ಸಿಂಹನಿಗೆ ಮಹಾರಾಜಪ್ರಮುಖನೆಂಬ ಗೌರವ ಪದವಿಯು, ಜಯಪುರದ ಸವಾಯಿ ಮಾನಸಿಂಹನಿಗೆ ರಾಜಪ್ರಮುಖನ ಅಧಿಕಾರ ಪದವಿಯು ಲಭಿಸಿದುವು. ವಿಲೀನದ ಕರಾರುಗಳಲ್ಲಿ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯವಾದುವು. ಮೊದಲನೆಯದು, ಸಂಸ್ಥಾನದ ಆಸ್ತಿಗಳಲ್ಲಿ ಸರ್ಕಾರಕ್ಕೆ ಸೇರಿದುವು ಯಾವುವು, ಅರಸನ ಖಾಸಗಿ ಆಸ್ತಿ ಯಾವುವು ಎಂಬ ವಿಭಾಗವಾಯಿತು. ಎರಡನೆಯದು, ಅರಸನಿಗೆ ವರ್ಷಾಶನದ ರೂಪದಲ್ಲಿ ತೆರಿಗೆಯಿಲ್ಲದ ರಾಜಧನವು ಗೊತ್ತಾಯಿತು.

ರಾಜಧನವನ್ನು ಲೆಕ್ಕಹಾಕಲು ಬಳಸಿದ ಸಾಮಾನ್ಯ ಸೂತ್ರವು ಹೀಗಿತ್ತು: ಸಂಸ್ಥಾನದ ವಾರ್ಷಿಕ ಹುಟ್ಟುವಳಿಯ ಮೊದಲ ಒಂದು ಲಕ್ಷ ರೂಪಾಯಿಗೆ ಶೇಕಡಾ ೧೫, ಮುಂದಿನ ನಾಲ್ಕು ಲಕ್ಷಕ್ಕೆ ಶೇಕಡಾ ೧೦, ಐದು ಲಕ್ಷವನ್ನು ಮೀರಿದ ಭಾಗಕ್ಕೆ ಶೇಕಡಾ ೭.೫; ಒಟ್ಟಿನಲ್ಲಿ ೧೦ ಲಕ್ಷವನ್ನು ಮೀರಕೂಡದು. ಮೈಸೂರಿಗೆ ೨೬ ಲಕ್ಷ, ಜಯಪುರಕ್ಕೆ ೧೮ ಲಕ್ಷವೆಂಬಂಥ ಕೆಲವು ವಿನಾಯಿತಿಗಳಿದ್ದುವು. ಉದಯಪುರದ ರಾಜಧನವು ೧೦ ಲಕ್ಷ. ಇದು ಸಾಮಾನ್ಯ ಪ್ರಜೆಯ ದೃಷ್ಟಿಯಲ್ಲಿ ಅಪಾರವಾದ ಮೊತ್ತವೇ ಸರಿ. ಆದರೆ ಇದು ಸಂಸ್ಥಾನದ ಹುಟ್ಟುವಳಿಯ ಒಂದು ಸಣ್ಣ ಪಾಲು. ಬೆಲೆಗಳು ಏರಿದರೂ ಇದು ಏರತಕ್ಕದ್ದಲ್ಲ. ತತ್ಪೂರ್ವದಲ್ಲಿ ಬಹುತೇಕ ಸಂಸ್ಥಾನಗಳಲ್ಲಿ ಅರಮನೆಯ ದುರಸ್ತಿ, ಊಳಿಗದವರ ಸಂಬಳ, ಅತಿಥಿಗಳ ಸತ್ಕಾರ ಇವು ರಾಜ್ಯದ ಆದಾಯದಿಂದಲೇ ನಡೆಯುತ್ತಿದ್ದುವು. ಈಗ ಕಟ್ಟಡಗಳು ಅರಸನಲ್ಲಿ ಉಳಿದುವು. ಅವುಗಳನ್ನು ಪೋಷಿಸುತ್ತಿದ್ದ ಕಂದಾಯವು ಮಾತ್ರ ಹೋಯಿತು.

ಅನಂತರದ ಕಾನೂನುಗಳೂ ಇದೇ ದಿಕ್ಕಿನಲ್ಲಿ ಸಾಗಿದುವು. ೧೯೫೨ರ ರಾಜಸ್ಥಾನದ ಜಹಗೀರು ವಶಪಡಿಕೆ ಕಾಯಿದೆಯು ಅರಮನೆಯ ಸುತ್ತಣ ಸಾಮಂತ ವ್ಯವಸ್ಥೆಯನ್ನು ಕೊನೆಗಾಣಿಸಿತು. ೧೯೫೩ರಲ್ಲಿ ಮೃತರ ಆಸ್ತಿಯ ಮೇಲಣ ಶುಲ್ಕವೂ, ೧೯೫೭ರಲ್ಲಿ ಸಂಪತ್ತಿನ ಮೇಲಣ ತೆರಿಗೆಯೂ ಜಾರಿಗೆ ಬಂದುವು. ಸಂಪತ್ತಿನ ತೆರಿಗೆಯ ಕಾಯಿದೆಯು ಅರಸನ ಅಧಿಕೃತ ನಿವಾಸವೆಂದು ಘೋಷಿತವಾದ ಒಂದು ಕಟ್ಟಡಕ್ಕೆ ಮಾತ್ರ ವಿನಾಯಿತಿಯನ್ನಿತ್ತಿತು. ವಿಹಾರಕ್ಕೆಂದು ಕಟ್ಟಿದ ಎರಡನೆಯ, ಮೂರನೆಯ ಅರಮನೆಗಳು ಯಾವ ಆದಾಯವನ್ನೂ ತರದೆ ವೆಚ್ಚವನ್ನಷ್ಟೇ ಬೇಡುವ ಹೊರೆಗಳಾದುವು.

೧೯೫೫ರಲ್ಲಿ ಭೂಪಾಲ ಸಿಂಹನು ತೀರಿಕೊಂಡನು. ಉತ್ತರಾಧಿಕಾರಿಯಾದ ಭಗವತ್ ಸಿಂಹನು ಜಗನಿವಾಸವನ್ನು ಜೀರ್ಣೋದ್ಧಾರ ಮಾಡಿಸಿ, ೧೯೬೩ರಲ್ಲಿ ಹೋಟೆಲಾಗಿ ತೆರೆದನು. ಈ ಕಾರ್ಯದಲ್ಲಿ ಅಲಂಕಾರ ವಿನ್ಯಾಸದ ಹೊಣೆಯನ್ನು ಹೊತ್ತವಳು ಭಾರತದಲ್ಲಿ ನೆಲೆಸಿದ್ದ ಅಮೆರಿಕದ ಕಲಾವಿದೆ ಡೀಡೀ ಕಾಂಟ್ರಾಕ್ಟರ್. ಇದಕ್ಕೆ ಆರು ವರ್ಷ ಮೊದಲೇ, ೧೯೫೭ರಲ್ಲಿ, ಜಯಪುರದ ಮಾನಸಿಂಹನು ತಾನು ವಾಸವಾಗಿದ್ದ ರಾಮಬಾಗ್ ಅರಮನೆಯನ್ನು ಹೋಟೆಲಾಗಿ ಮಾರ್ಪಡಿಸಿದ್ದನು. ೧೯೫೬ರ ಅಕ್ಟೋಬರ್ ಕೊನೆಗೆ ರಾಜಪ್ರಮುಖರ ಪದವಿಯು ದೇಶದಲ್ಲೆಲ್ಲ ರದ್ದಾಯಿತು; ಮರುವರ್ಷವೇ ರಾಮಬಾಗ್ ಹೋಟೆಲಾಯಿತು. ರಾಜ್ಯದ ಪ್ರಮುಖನ ನಿವಾಸವಾಗಿ ಅದಕ್ಕಿದ್ದ ಸಾರ್ವಜನಿಕ ಪ್ರಯೋಜನವು ತಪ್ಪಿದೊಡನೆ ಬೇರೊಂದು ಪ್ರಯೋಜನವನ್ನು ಹುಡುಕಬೇಕಾಯಿತೆಂದು ಊಹಿಸಲು ಈ ಕಾಲಸಾಮೀಪ್ಯವು ಎಡೆಗೊಡುತ್ತದೆ.

ಈ ಎರಡು ಮಾರ್ಪಾಡುಗಳೂ ರಾಜಧನವು ತಪ್ಪದೆ ಸಂದಾಯವಾಗುತ್ತಿದ್ದ ಕಾಲದವು. ಅರಸರ ಮಾನ್ಯತೆಯನ್ನು ಹಿಂತೆಗೆದುಕೊಂಡ ರಾಷ್ಟ್ರಪತಿಗಳ ಆಜ್ಞೆಯು ಹೊರಟುದು ೧೯೭೦ರ ಸೆಪ್ಟೆಂಬರಿನಲ್ಲಿ. ಸರ್ವೋಚ್ಚ ನ್ಯಾಯಾಲಯವು ಅದನ್ನು ಅದೇ ಡಿಸೆಂಬರಿನಲ್ಲಿ ಅಸಿಂಧುವೆಂದು ಸಾರಿತು. ಸಂವಿಧಾನದ ಇಪ್ಪತ್ತಾರನೆಯ ತಿದ್ದುಪಡಿಯ ಮೂಲಕ ರಾಜಧನವು ರದ್ದಾದುದು ೧೯೭೧ರ ಡಿಸೆಂಬರಿನಲ್ಲಿ. ೧೯೫೭ರ ಮತ್ತು ೧೯೬೩ರ ಕಾರ್ಯಗಳಿಗೆ ೧೯೭೧ರ ಘಟನೆಯು ಕಾರಣವಾಗಲಾರದು. ೧೯೭೧ರ ತಿದ್ದುಪಡಿಯು ಈ ಪ್ರವೃತ್ತಿಯನ್ನು ವಿಸ್ತರಿಸಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಜೋಧಪುರದ ಉಮೇದ್ ಭವನದ ಒಂದು ಭಾಗವು ಹೋಟೆಲಾದುದು ಆ ದಶಕದಲ್ಲಿಯೇ. ಆದರೆ ಮೂಲ ಕಾರಣವನ್ನು ವಿಲೀನದಲ್ಲಿ, ಅರಮನೆಗೂ ಕಂದಾಯಕ್ಕೂ ಇದ್ದ ಸಂಬಂಧವು ಕಡಿದುಹೋದುದರಲ್ಲಿ, ಹುಡುಕಬೇಕು.

ಇದಕ್ಕೆ ಸಹಕಾರಿಯಾದ ಮತ್ತೊಂದು ಕಾರಣವೂ ಉಂಟು. ಅರಮನೆಯನ್ನು ಮಾರಲು ಬಯಸಿದರೆ ಕೊಳ್ಳುವವರು ವಿರಳ. ಬಾಡಿಗೆಗೆ ತಂಗುವ ಅತಿಥಿಗಳು ಮಾತ್ರ ಆ ಕಾಲದಲ್ಲಿ ಹೊಸದಾಗಿ ದೊರೆಯತೊಡಗಿದ್ದರು. ವಿಮಾನ ಸಂಚಾರವು ಬೆಳೆದಿತ್ತು. ಭಾರತಕ್ಕೆ ವಿದೇಶೀ ವಿನಿಮಯದ ಅವಶ್ಯಕತೆಯಿತ್ತು. ೧೯೫೬ರಲ್ಲಿ ಯುನೆಸ್ಕೋ ಸಮ್ಮೇಳನದ ನಿಮಿತ್ತ ದೆಹಲಿಯಲ್ಲಿ ಸರ್ಕಾರವೇ ಅಶೋಕ ಹೋಟೆಲನ್ನು ಕಟ್ಟಿಸಿತು. ೧೯೬೬ರಲ್ಲಿ ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಸ್ಥಾಪಿತವಾಯಿತು. ಹಳೆಯ ಪೋಷಣೆಯು ತಪ್ಪಿದ ಕಾಲವೂ ಹೊಸ ಅತಿಥಿಯು ಬಂದ ಕಾಲವೂ ಕೂಡಿದುದರಿಂದಲೇ ಈ ಮಾರ್ಪಾಡು ಶಕ್ಯವಾಯಿತು.

೫

೧೯೭೧ರಲ್ಲಿ ಜಗನಿವಾಸದ ನಿರ್ವಹಣೆಯು ತಾಜ್ ಹೋಟೆಲುಗಳ ಸಂಸ್ಥೆಗೆ ಬಂದಿತು. ಕೊಠಡಿಗಳು ಹೆಚ್ಚಿದುವು; ಇಂದು ಅಲ್ಲಿ ಎಂಬತ್ತಕ್ಕೂ ಮೇಲ್ಪಟ್ಟು ಕೊಠಡಿಗಳಿವೆ. ೧೯೮೩ರಲ್ಲಿ ಬಿಡುಗಡೆಯಾದ 'ಆಕ್ಟೋಪಸಿ' ಎಂಬ ಜೇಮ್ಸ್ ಬಾಂಡ್ ಚಲನಚಿತ್ರವು ಅದರ ರೂಪವನ್ನು ಲೋಕಕ್ಕೆಲ್ಲ ಪರಿಚಯಿಸಿತು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಲೋತಿಯು ಕಂಡ ಶೈಥಿಲ್ಯವು ಹಾಗೆಯೇ ಮುಂದುವರಿದಿದ್ದರೆ ಈ ಮಂದಿರದ ಬಹುಭಾಗವು ನಮಗೆ ಉಳಿಯುತ್ತಿರಲಿಲ್ಲ. ಅಮೃತಶಿಲೆಯ ಕಂಬಗಳು, ಗಾಜಿನ ಕೆತ್ತನೆ, ಕಮಲದ ಕೊಳ ಇವು ಉಳಿದಿರುವುದು, ಅವುಗಳ ಕುಶಲಕರ್ಮಿಗಳಿಗೆ ಕೆಲಸ ದೊರೆತಿರುವುದು ಹೋಟೆಲಿನ ಆದಾಯದಿಂದ. ಪ್ರಾಚೀನ ಕಟ್ಟಡಗಳನ್ನೆಲ್ಲ ಸರ್ಕಾರವೇ ಕಾಪಾಡಬೇಕೆಂದು ಹೇಳುವುದು ಸುಲಭ. ಸಂರಕ್ಷಿತವೆಂದು ಫಲಕ ಹಾಕಿದ ಎಷ್ಟೋ ಕಟ್ಟಡಗಳ ಇಂದಿನ ಸ್ಥಿತಿಯನ್ನು ಬಲ್ಲವರು ಹಾಗೆ ಹೇಳಲು ಹಿಂಜರಿಯುತ್ತಾರೆ.

ಹಾಗಿದ್ದರೂ ಉಳಿದುದೇನು ಎಂಬ ಪ್ರಶ್ನೆಯು ಉಳಿಯುತ್ತದೆ. ಜಗನಿವಾಸವು ೧೭೪೬ರಲ್ಲಿ ಇದ್ದಂತೆ ಇಂದು ಇಲ್ಲ. ಇರುವುದು ಸಾಧ್ಯವೂ ಅಲ್ಲ. ವಿದ್ಯುತ್ತು, ಸ್ನಾನಗೃಹ, ಅಡಿಗೆಮನೆ, ಕೊಠಡಿಗಳ ಹೊಸ ವಿಭಾಗ ಇವೆಲ್ಲವೂ ಅದರೊಳಗೆ ಸೇರಿವೆ. ಜೀರ್ಣೋದ್ಧಾರ ಮಾಡುವವನು ಕಟ್ಟಡದ ಇನ್ನೂರು ವರ್ಷಗಳ ಬಾಳಿನಲ್ಲಿ ಒಂದು ಗಳಿಗೆಯನ್ನು, ಸಾಮಾನ್ಯವಾಗಿ ಅತ್ಯಂತ ವೈಭವದ ಗಳಿಗೆಯನ್ನು, ಆರಿಸಿಕೊಂಡು ಅದನ್ನೇ ಶಾಶ್ವತಗೊಳಿಸುತ್ತಾನೆ. ಕಪ್ಪದ ಚಿಂತೆ, ಸಾಲದ ಸೈನ್ಯ, ಉಪೇಕ್ಷೆಯ ದಶಕಗಳು ಇವು ಕಟ್ಟಡದ ಚರಿತ್ರೆಗೆ ಸೇರಿದುವಾದರೂ ಅತಿಥಿಗೆ ಕಾಣುವುದಿಲ್ಲ. ತಂದೆ-ಮಗನ ಮುನಿಸಿನ ಕಥೆಯು ಬಾಳಿಕೊಂಡು ಬಂದಿರುವುದಕ್ಕೆ ಕಾರಣವು ಇದೇ ಎಂದು ನಮಗೆ ತೋರುತ್ತದೆ: ಹಣವು ಎಲ್ಲಿಂದ ಬಂದಿತೆಂಬ ಪ್ರಶ್ನೆಯನ್ನು ಅದು ಕೇಳುವುದಿಲ್ಲ.

ಜೋಧಪುರದ ಉಮೇದ್ ಭವನದ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. ೧೯೨೯ರಲ್ಲಿ ಅಸ್ತಿಭಾರವನ್ನು ಪಡೆದು ಎರಡನೆಯ ಮಹಾಯುದ್ಧದ ನಡುವೆ ಮುಗಿದ, ೩೪೭ ಕೊಠಡಿಗಳ ಆ ಭವನವನ್ನು ಕ್ಷಾಮಪೀಡಿತರಿಗೆ ಕೂಲಿಯನ್ನು ಒದಗಿಸಲು ಕಟ್ಟಿಸಲಾಯಿತೆಂದು ಎಲ್ಲರೂ ಹೇಳುತ್ತಾರೆ. ಸಾವಿರಾರು ಜನಕ್ಕೆ ಅದರಿಂದ ಜೀವನೋಪಾಯವಾದುದು ನಿಜ. ಆದರೆ ಈ ಕಥನದಲ್ಲಿ ಕೂಲಿಕಾರನು ಅರಸನ ಔದಾರ್ಯಕ್ಕೆ ಸಾಕ್ಷಿಯಾಗಿ ಬರುತ್ತಾನೆಯೇ ಹೊರತು ಕಟ್ಟಿದವನಾಗಿ ಬರುವುದಿಲ್ಲ. ಕಟ್ಟಿದವರೆಂದು ಹೆಸರು ಹೇಳುವುದು ಉಮೇದ್ ಸಿಂಹನನ್ನೂ ಇಂಗ್ಲಿಷ್ ವಾಸ್ತುಶಿಲ್ಪಿ ಲ್ಯಾಂಚೆಸ್ಟರನನ್ನೂ.

ಪ್ರವೇಶದ ಪ್ರಶ್ನೆಯೂ ವಿಚಾರಾರ್ಹವಾದುದು. ದಡದ ಮೇಲಣ ದೊಡ್ಡ ಅರಮನೆಯ ಒಂದು ಭಾಗವು ೧೯೬೯ರಿಂದ ವಸ್ತುಸಂಗ್ರಹಾಲಯವಾಗಿದ್ದು, ಚೀಟಿಯನ್ನು ಕೊಂಡ ಯಾರಿಗಾದರೂ ತೆರೆದಿದೆ. ಜಗನಿವಾಸಕ್ಕೆ ಹೋಗುವ ದೋಣಿಯು ಹೋಟೆಲಿನ ಅತಿಥಿಗಳಿಗೆ ಮೀಸಲು. ಅರಸರ ಕಾಲದಲ್ಲಿ ಉದಯಪುರದ ಸಾಮಾನ್ಯ ಪ್ರಜೆಯು ಆ ಮಂದಿರವನ್ನು ದಡದಿಂದಲೇ ನೋಡುತ್ತಿದ್ದನು. ಇಂದೂ ದಡದಿಂದಲೇ ನೋಡುತ್ತಾನೆ. ಇನ್ನು ಆ ಮಂದಿರದ ಸೊಬಗೆಲ್ಲವೂ ನಿಂತಿರುವುದು ಪಿಚೋಲಾದ ನೀರಿನ ಮೇಲೆ. ಹದಿನಾಲ್ಕನೆಯ ಶತಮಾನದಲ್ಲಿ ಒಬ್ಬ ಬಂಜಾರನು ಕಟ್ಟಿಸಿದನೆಂದು ಪ್ರತೀತಿಯಿರುವ ಆ ಕೆರೆಯು ಯಾರ ಖಾಸಗಿ ಸೃಷ್ಟಿಯೂ ಅಲ್ಲ. ಈ ಶತಮಾನದ ಆರಂಭದ ಬರಗಾಲದಲ್ಲಿ ನೀರು ಬತ್ತಿ, ಅರಮನೆಯು ಒಣಗಿದ ಬಯಲಿನಲ್ಲಿ ನಿಂತಿತು. ಕಟ್ಟಡದ ರಕ್ಷಣೆಯನ್ನು ಅದರ ಸುತ್ತಣ ಊರಿನ ಮತ್ತು ಕೆರೆಯ ರಕ್ಷಣೆಯಿಂದ ಬೇರ್ಪಡಿಸಲಾಗದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ.

೬

ನಮ್ಮ ನಾಡಿನಲ್ಲಿಯೇ ದೊರೆಯುವ ಒಂದು ನಿದರ್ಶನದೊಡನೆ ಇದನ್ನು ಹೋಲಿಸುವುದು ಉಚಿತ. ಮೈಸೂರಿನ ಲಲಿತಮಹಲಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ೧೯೨೧ರಲ್ಲಿ ಅಸ್ತಿಭಾರವನ್ನಿಟ್ಟರು. ಇ. ಡಬ್ಲ್ಯೂ. ಫ್ರಿಚ್ಲಿಯು ರೂಪಿಸಿದ, ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಗುಮ್ಮಟವನ್ನು ನೆನಪಿಗೆ ತರುವ ಆ ಸೌಧವು ವೈಸರಾಯರ ಬಿಡಾರಕ್ಕೆಂದೇ ಕಟ್ಟಿದುದು. ೧೯೭೪ರಲ್ಲಿ ಅದು ಹೋಟೆಲಾಗಿ, ಬಹುಕಾಲ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ ನಿರ್ವಹಣೆಯಲ್ಲಿತ್ತು. ಜಯಪುರದಲ್ಲಿ ೧೯೫೭ರಲ್ಲಿಯೇ ನಡೆದುದು ಮೈಸೂರಿನಲ್ಲಿ ಹದಿನೇಳು ವರ್ಷ ತಡವಾಗಿ ನಡೆಯಿತು. ರಾಜಪ್ರಮುಖರ ಪದವಿಯು ರದ್ದಾದಾಗ ಜಯಚಾಮರಾಜ ಒಡೆಯರು ರಾಜ್ಯಪಾಲರಾದರೆಂಬುದನ್ನೂ, ಮೈಸೂರಿನ ರಾಜಧನವು ಎಲ್ಲಕ್ಕಿಂತ ಹಿರಿದಾದವುಗಳಲ್ಲಿ ಒಂದಾಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಲಲಿತಮಹಲಿನ ಮಟ್ಟಿಗೆ ೧೯೭೧ರ ತಿದ್ದುಪಡಿಯು ಕಾರಣಗಳಲ್ಲಿ ಒಂದಾಗಿರಬಹುದು. ಹೀಗೆ ಪ್ರತಿಯೊಂದು ಅರಮನೆಯ ಚರಿತ್ರೆಯನ್ನೂ ಅದರದರ ಕಾಲಾನುಕ್ರಮದಿಂದಲೇ ನಿರ್ಣಯಿಸಬೇಕಾಗುತ್ತದೆ.

ಅದೇ ಊರಿನ ಚೆಲುವಾಂಬಾ ಮಹಲು ೧೯೫೦ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯಕ್ಕೆ ನೆಲೆಯಾಯಿತು. ಜಯಲಕ್ಷ್ಮೀವಿಲಾಸವು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿ ಜಾನಪದ ವಸ್ತುಸಂಗ್ರಹಾಲಯಕ್ಕೆ ಆಶ್ರಯವಿತ್ತಿತು. ರಾಜಕುಮಾರಿಯರಿಗಾಗಿ ಕಟ್ಟಿದ ಮಹಲುಗಳಲ್ಲಿ ಒಂದು ವಿಜ್ಞಾನಿಗಳ ಕೈಗೂ ಒಂದು ವಿದ್ವಾಂಸರ ಕೈಗೂ ಬಂದುದನ್ನು ನೋಡಿದರೆ, ಹೋಟೆಲಾಗುವುದೊಂದೇ ಹಳೆಯ ಅರಮನೆಯ ಗತಿಯಲ್ಲವೆಂಬುದು ವಿದಿತವಾಗುತ್ತದೆ. ಯಾವ ಗತಿಯು ಯಾವ ಕಟ್ಟಡಕ್ಕೆ ಒದಗಿತೆಂಬುದು ಕಟ್ಟಡದ ಗುಣಕ್ಕಿಂತ, ವಿಲೀನದ ಕಾಲದಲ್ಲಿ ಅದು ಯಾರ ಪಾಲಿಗೆ ಬಂದಿತು, ಅದರ ವೆಚ್ಚವನ್ನು ಯಾರು ಹೊತ್ತರು ಎಂಬುದನ್ನು ಅವಲಂಬಿಸಿತ್ತು.

೭

ಕೇಂದ್ರದ ಪ್ರವಾಸೋದ್ಯಮ ಇಲಾಖೆಯು 'ಪಾರಂಪರಿಕ ಹೋಟೆಲು' ಎಂಬ ಒಂದು ವರ್ಗವನ್ನು ಮಾಡಿ, ೧೯೫೦ಕ್ಕೆ ಮೊದಲು ಕಟ್ಟಿದ ಅರಮನೆ, ಕೋಟೆ, ಹವೇಲಿಗಳಿಗೆ ಆ ಮಾನ್ಯತೆಯನ್ನು ಕೊಡುತ್ತದೆ. ಕಟ್ಟಡದ ವಯಸ್ಸು, ವಾಸ್ತುವಿನ ರೂಪ, ಅತಿಥಿಗಳ ಸೌಕರ್ಯ ಇವನ್ನು ಪರಿಶೀಲಿಸುವ ಪದ್ಧತಿಯುಂಟು. ಇವುಗಳ ಜೊತೆಗೆ ಕಟ್ಟಡದ ಚರಿತ್ರೆಯನ್ನು ಪ್ರಮಾಣಪೂರ್ವಕವಾಗಿ ಬರೆದಿಡಬೇಕೆಂಬ, ವರ್ಷದಲ್ಲಿ ಕೆಲವು ದಿನಗಳಾದರೂ ವಿದ್ಯಾರ್ಥಿಗಳಿಗೆ ಪ್ರವೇಶವಿರಬೇಕೆಂಬ ನಿಯಮವನ್ನೂ ಸೇರಿಸುವುದು ಅಶಕ್ಯವೇನಲ್ಲ. ಮಾನ್ಯತೆಯ ಲಾಭವನ್ನು ಪಡೆಯುವವರಿಗೆ ಅದು ಭಾರವೂ ಆಗದು.

ಅಲ್ಲಿಯವರೆಗೆ ನಮ್ಮ ಕಾಲೇಜುಗಳ ಅಧ್ಯಾಪಕರು ಮಾಡಬಹುದಾದ ಕಾರ್ಯವೊಂದುಂಟು. ಪ್ರತಿಯೊಂದು ಜಿಲ್ಲೆಯಲ್ಲಿಯೂ ಹಳೆಯ ಅರಮನೆಯೋ ವಾಡೆಯೋ ದೇಶಗತಿಯ ಮನೆಯೋ ಇಂದು ಬೇರೆ ಉಪಯೋಗದಲ್ಲಿದೆ. ಅದನ್ನು ಕಟ್ಟಿಸಿದವರ ಹೆಸರಿನೊಡನೆ, ಅದಕ್ಕೆ ಹಣವನ್ನು ತೆತ್ತವರು ಯಾರು, ದುಡಿದವರು ಯಾರು, ೧೯೫೦ರ ತರುವಾಯ ಅದನ್ನು ಸಾಕಿದವರು ಯಾರು ಎಂಬ ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮುಂದಿಡಬೇಕು. ಕಂದಾಯದ ಕಡತಗಳು, ಮರಾಮತ್ತು ಇಲಾಖೆಯ ಲೆಕ್ಕಗಳು, ಊಳಿಗದ ಮನೆತನಗಳ ಹಿರಿಯರ ನೆನಪುಗಳು ಇದಕ್ಕೆ ಆಕರಗಳು. ಕಡತಗಳನ್ನು ನಾಳೆಯೂ ನೋಡಬಹುದು. ಅರಮನೆಯ ಊಳಿಗವನ್ನು ಕಣ್ಣಾರೆ ಕಂಡ ಹಿರಿಯರ ಮಾತನ್ನು ಬರೆದುಕೊಳ್ಳಲು ಇನ್ನು ಹೆಚ್ಚು ವರ್ಷಗಳಿಲ್ಲ.